ಕಲ್ಲಿನ ಹಲ್ಲು

ಇವತ್ತು ಬೆಳಿಗ್ಗೆ ಗಿರಣಿಯ ಶಟರ್ ಎತ್ತಿ ಒಳಗೆ ಹೋದರೆ, ಯಂತ್ರದ ಬಾಯಲ್ಲಿ ಒಂದು ಬಾದಾಮಿ ಎಲೆ ಬಿದ್ದಿತ್ತು. ಗವಾಕ್ಷಿಯಿಂದ ಬಂದದ್ದು. ಅಂಗೈಗಿಂತ ದೊಡ್ಡದು. ಒಳ್ಳೆ ಮಾಗಿದ ಕೆಂಪು, ನರದ ಪಕ್ಕದಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿದಿತ್ತು. ಗೋಧಿ ಸುರಿಯುವ ಮುಂಚೆ ಕಣ್ಣಿಗೆ ಬಿದ್ದದ್ದು ಪುಣ್ಯ. ಇಲ್ಲದಿದ್ದರೆ ರಾಜೀವನಗರದ ಯಾರ ಮನೆಯಲ್ಲೋ ಚಪಾತಿ ಕಹಿಯಾಗಿ, ಬೈಗುಳ ನನಗೆ ಬರುತ್ತಿತ್ತು.

ಎಲೆಯನ್ನು ತೆಗೆದುಕೊಂಡು ಸ್ಟೂಲಿನ ಮೇಲೆ ಕೂತೆ. ತೊಡೆಯ ಮೇಲೆ ಕೈ, ಕೈಯಲ್ಲಿ ಎಲೆ. ಎಲೆ ಅಲುಗುತ್ತಿತ್ತು. ಫ್ಯಾನು ಹಾಕಿರಲಿಲ್ಲ. ಗಾಳಿಯೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮಿಂದ ಮುಚ್ಚಿಡುವುದೇನಿದೆ? ಹೋದ ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ನಲವತ್ತು ವರ್ಷಕ್ಕೂ ಮೇಲೆ ಮೂಟೆ ಎತ್ತಿದ ಕೈ ಇದು. ಅದಕ್ಕೇ ನಾಚಿಕೆಯಾಗಿರಬೇಕು, ಹೆಚ್ಚಾಗಿ ಸುಮ್ಮನಿದ್ದಾಗಲೇ ನಡುಗುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಯಂತ್ರದ ಬೆಲ್ಟಿನ ಹತ್ತಿರ ಹುಷಾರು ಎಂದಷ್ಟೇ ಹೇಳಿದರು. ನನ್ನ ಮಗಳು ಪವಿತ್ರ ಡಾಕ್ಟರಿಗಿಂತ ದೊಡ್ಡ ಡಾಕ್ಟರು. ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬಂದ ಮಾಲಿನಲ್ಲಿ ಸರಿಯಿಲ್ಲದ್ದನ್ನು ಪಕ್ಕಕ್ಕೆ ಇಡುವುದೇ ಅವಳ ಡ್ಯೂಟಿ. ಮನೆಗೆ ಬಂದರೂ ಆ ಕಣ್ಣು ತೆಗೆದಿಡುವುದಿಲ್ಲ.

"ಅಪ್ಪಾ, ಯುಗಾದಿಗೆ ಬಾಗಿಲು ಹಾಕ್ಬುಡು. ನಮ್ಮ ಫ್ಯಾಕ್ಟರೀಲಿ ನಿನ್ನ ವಯಸ್ಸಿನೋರು ಒಬ್ರೂ ಇಲ್ಲ."

"ನಿಮ್ಮ ಫ್ಯಾಕ್ಟರೀಲಿ ನನ್ನಂಥೋರು ಒಬ್ರೂ ಇಲ್ಲ ಅನ್ನು."

"ತಮಾಷೆ ಬೇಡ. ಆ ಬೆಲ್ಟಿಗೆ ಕೈ ಸಿಕ್ಕರೆ?"

"ಇಷ್ಟು ವರ್ಷ ಸಿಕ್ಕಿದೆಯಾ?"

"ಇಷ್ಟು ವರ್ಷ ಅದು ನಡುಗ್ತಾ ಇತ್ತಾ?"

ಇಂಥ ಪ್ರಶ್ನೆ ಬಂದಾಗ ನಾನು ಕಾಫಿ ಕೇಳುತ್ತೇನೆ. ಇದು ಹೋದ ವಾರದ ಮಾತು. ಯುಗಾದಿಗೆ ಇನ್ನು ಒಂದೂವರೆ ತಿಂಗಳಿದೆ.

ಇವತ್ತು ಎಲೆ ಹಿಡಿದು ಕೂತಾಗ ನೆನಪಾದದ್ದು ಮಾತ್ರ ಮಗಳಲ್ಲ, ಗ್ರೇಸ್ ಟೀಚರ್. ಮನೆ ಕಾಯುವವರಿಗೆ ನಡುಕ ಬಂತಲ್ಲಯ್ಯಾ ಎಂದು ಅವರು ಪಕ್ಕದ ಬೆಂಚಿನಲ್ಲೇ ಕೂತು ಹೇಳಿದ ಹಾಗಾಯಿತು. ಈ ಮಾತು ನಿಮಗೆ ಅರ್ಥವಾಗಬೇಕಾದರೆ ನಾನು ಸ್ಕೂಲು ಬಿಟ್ಟ ದಿನದಿಂದ ಶುರುಮಾಡಬೇಕು.

ಏಳನೇ ಕ್ಲಾಸು. ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ, ಅವಳ ಮುಖವೇ ಕಮಲ ಎಂದು ಬರೆದು, ನನ್ನನ್ನು ಎಬ್ಬಿಸಿ, "ಇದರಲ್ಲಿ ಏನಿದೆ ಹೇಳೋ" ಎಂದರು. ರೂಪಕಾಲಂಕಾರ ಇದೆ ಎನ್ನಬೇಕಿತ್ತು. ನಾನು ಚೆನ್ನಾಗಿ ಯೋಚನೆ ಮಾಡಿ, "ಸುಳ್ಳಿದೆ ಸಾರ್" ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಕಿವಿ ಹಿಂಡಿ, "ನಿನ್ನ ತಲೇಲಿ ಬರೀ ಹಿಟ್ಟು ತುಂಬಿದೆ ಕಣೋ" ಎಂದರು. ಅದೂ ಒಂದು ಅಲಂಕಾರವೇ ಇರಬೇಕು. ಆ ವರ್ಷವೇ ಅಪ್ಪನ ಸೊಂಟ ಬಿದ್ದುಹೋಯಿತು. ಅಪ್ಪ ತಿ. ನರಸೀಪುರದ ಕಡೆಯಿಂದ ಬಂದು ಇಲ್ಲೊಂದು ಗಿರಣಿಯಲ್ಲಿ ಆಳಾಗಿದ್ದವರು. ಅವರ ಜಾಗಕ್ಕೆ ನಾನು ನಿಂತೆ. ಬಡತನಕ್ಕೆ ಸ್ಕೂಲು ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತೇನೆ. ಜಂಬಕ್ಕೂ ಬಿಟ್ಟೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ತಲೆಯಲ್ಲಿ ಹಿಟ್ಟಿದೆ ಎಂದವರ ಮುಂದೆ ಕೂರುವುದಕ್ಕಿಂತ ತಲೆಯ ಮೇಲೆ ಹಿಟ್ಟು ಹೊರುವುದು ವಾಸಿ ಅನಿಸಿತು. ಮುಂದೆ ಅದೇ ಗಿರಣಿ ನನ್ನದಾಯಿತು. ಅದು ಬೇರೆ ಕತೆ, ಅದರಲ್ಲಿ ಬೆವರು ಬಿಟ್ಟರೆ ಅಲಂಕಾರ ಯಾವುದೂ ಇಲ್ಲ.

ಆವತ್ತಿನಿಂದ ನನ್ನದೊಂದು ಸಿದ್ಧಾಂತ. ಒಂದು ವಸ್ತುವನ್ನು ಇನ್ನೊಂದು ಎಂದು ಹೇಳುವುದು ಕಲಬೆರಕೆ. ಗೋಧಿ ಹಿಟ್ಟಿಗೆ ಜೋಳ ಬೆರೆಸಿ ಗೋಧಿ ಎಂದರೆ ಜನ ಬಡಿಯುತ್ತಾರೆ. ಮುಖಕ್ಕೆ ಕಮಲ ಬೆರೆಸಿದರೆ ಚಪ್ಪಾಳೆ ಹೊಡೆಯುತ್ತಾರೆ. ಇದು ಯಾವ ನ್ಯಾಯ? ನನ್ನ ಗಿರಣಿಯಲ್ಲಿ ಎರಡೂ ನಡೆಯುವುದಿಲ್ಲ ಎಂದು ಎಷ್ಟೋ ವರ್ಷ ಮೆರೆದೆ.

ಗ್ರೇಸ್ ಟೀಚರ್ ಬಂದದ್ದು ಹೀಗೆ ಮೆರೆಯುತ್ತಿದ್ದ ಕಾಲದಲ್ಲಿ. ರಿಟೈರಾದ ಮೇಡಂ, ಒಂಟಿ ಜೀವ, ಗಿರಣಿಯ ಹಿಂದಿನ ಬೀದಿಯಲ್ಲಿ ತಮ್ಮನ ಮಗನ ಮನೆಯ ಮುಂಭಾಗದಲ್ಲಿ ಇದ್ದರು. ಎರಡು ವಾರಕ್ಕೊಮ್ಮೆ ರಾಗಿ ಹಿಡಿದು ಬರುತ್ತಿದ್ದರು. ಕಣ್ಣು ಆಗಲೇ ಮಂಜು ಮಂಜು. ಕೋಲಿನಿಂದ ಮೆಟ್ಟಿಲನ್ನು ಎರಡು ಸಲ ಕುಟ್ಟಿ ಒಳಗೆ ಬರುವುದು ವಾಡಿಕೆ. ನಮ್ಮಲ್ಲಿ ಒಂದು ಕ್ರಮವಿದೆ: ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ, ಆರುವ ತನಕ ಚೀಲದ ಬಾಯಿ ಕಟ್ಟಬಾರದು. ಕಟ್ಟಿದರೆ ಬೆವರಿ ಮುಗ್ಗಲು ವಾಸನೆ ಬರುತ್ತದೆ. ಅವಸರದವರು ಹಾಗೇ ಹೊತ್ತುಕೊಂಡು ಹೋಗುತ್ತಾರೆ. ಗ್ರೇಸ್ ಟೀಚರ್ ಮಾತ್ರ ಪೂರ್ತಿ ಕಾಲು ಗಂಟೆ ಬೆಂಚಿನ ಮೇಲೆ ಕೂರುತ್ತಿದ್ದರು.

ಒಂದು ದಿನ ಬ್ಯಾಗಿನಿಂದ ಕಪ್ಪು ರಟ್ಟಿನ ಬೈಬಲ್ ತೆಗೆದು ನನ್ನ ಕಡೆ ಚಾಚಿದರು.

"ಕಾಲು ಗಂಟೆ ಸುಮ್ನೆ ಹಾಳಾಗ್ತಿದೆ. ಓದಯ್ಯಾ."

"ನಾನಾ? ನಾನು ಏಳನೇ ಕ್ಲಾಸ್ ಟೀಚರ್. ಅದೂ ಪೂರ್ತಿ ಅಲ್ಲ. ನಮ್ಮನೆ ಗೋಡೆ ಮೇಲೆ ಇರೋದು ಬುದ್ಧನ ಪಟ."

"ಬುದ್ಧ ಏನೂ ಅಂದ್ಕೊಳಲ್ಲ, ಓದು."

"ಮನೇಲಿ ನಿಮ್ಮ ತಮ್ಮನ ಮಗ ಓದಲ್ವಾ?"

"ಓದ್ತಾನೆ, ಎಕ್ಸ್‌ಪ್ರೆಸ್ ಬಸ್ ಥರ. ನೀನು ಆ ಲೈಟ್ ಬಿಲ್ ಓದೋದ್ನ ಕೇಳಿದೀನಿ. ಎಲ್ಲಾ ಸ್ಟಾಪಲ್ಲೂ ನಿಲ್ತೀಯ. ನಂಗೆ ಅಂಥೋನೇ ಬೇಕು."

ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಕೈ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ಹಾಗೆ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಆ ಪುಟಗಳ ಮೂಲೆಯಲ್ಲಿ ಈಗಲೂ ರಾಗಿ ಹಿಟ್ಟು ಸಿಗಬಹುದು.

ಅವರಿಗೆ ಬೇಕಾಗಿದ್ದದ್ದು ಪವಾಡದ ಕತೆಗಳಲ್ಲ. ನಡುಭಾಗದಲ್ಲಿ ಜ್ಞಾನಿಗಳು ಹೇಳಿದ್ದೆಂದು ಕೆಲವು ಭಾಗಗಳಿವೆ, ಅವು. ಅಲ್ಲಿ ನೋಡಿದರೆ ನನ್ನ ಹಳೆಯ ಶತ್ರು ಪುಟಪುಟದಲ್ಲೂ ಕೂತಿದ್ದ! ಮೈಯನ್ನು ಮೈ ಎನ್ನುವುದೇ ಇಲ್ಲ. ಹುಡುಗಿಯ ಕೂದಲು ಬೆಟ್ಟ ಇಳಿಯುವ ಆಡಿನ ಹಿಂಡಂತೆ. ಹಲ್ಲು ಆಗ ತಾನೇ ಮಿಂದು ಬಂದ ಕುರಿಗಳಂತೆ. ಹೊಟ್ಟೆ ಗೋಧಿಯ ರಾಶಿಯಂತೆ, ಸುತ್ತ ಹೂವಿನ ಬೇಲಿಯಂತೆ. ಈ ಕೊನೆಯದು ಮಾತ್ರ, ನಿಜ ಹೇಳುತ್ತೇನೆ, ನನಗೆ ಒಪ್ಪಿಗೆಯಾಯಿತು. ಗೋಧಿ ರಾಶಿಗೆ ಕೈ ಇಟ್ಟು ನೋಡಿದವನಿಗೆ ಗೊತ್ತು, ಒಳಗೆ ಬೆಚ್ಚಗಿರುತ್ತದೆ. ಆಡಿನ ಮಾತನ್ನೂ ಪರೀಕ್ಷೆ ಮಾಡೋಣ ಎಂದು ಮನೆಗೆ ಹೋಗಿ, ತಲೆ ಬಾಚುತ್ತಿದ್ದ ನನ್ನವಳಿಗೆ, "ನಿನ್ನ ಕೂದಲು ಚಾಮುಂಡಿಬೆಟ್ಟ ಇಳಿಯೋ ಮೇಕೆ ಹಿಂಡಿದ್ದಂಗದೆ" ಎಂದೆ. ಅವಳು ಬಾಚಣಿಗೆ ಕೆಳಗಿಟ್ಟು, "ವಾಸನೇನೂ ಅಂಗೇ ಅದಾ?" ಎಂದಳು. ಎರಡು ದಿನ ನಾನೇ ಕಾಫಿ ಮಾಡಿಕೊಂಡೆ. ಟೀಚರ್‌ಗೆ ಹೇಳಿದರೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಡುಕದ ಮಾತು ಬಂದದ್ದು ಒಂದು ಮಧ್ಯಾಹ್ನ. ಒಂದು ಮನೆ ಇದೆಯಂತೆ. ಅದನ್ನು ಕಾಯುವವರಿಗೆ ನಡುಕ ಹತ್ತುತ್ತದಂತೆ. ಗಟ್ಟಿ ಆಳುಗಳು ಬಗ್ಗಿಹೋಗುತ್ತಾರಂತೆ. ಬೀಸುವ ಹೆಂಗಸರು ಜನ ಸಾಲದೆ ಕೈ ಬಿಡುತ್ತಾರಂತೆ. ಕಿಟಕಿಯಿಂದ ನೋಡುತ್ತಿದ್ದವರಿಗೆ ಮಬ್ಬು ಕವಿದು, ಬೀದಿಬಾಗಿಲು ಮುಚ್ಚಿ, ಬೀಸುವ ಸದ್ದೇ ತಗ್ಗಿಹೋಗುತ್ತದಂತೆ. ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು.

"ಆ ಮನೆ ಯಜಮಾನ ಯಾರು ಟೀಚರ್? ಬೀಸೋರು ಕಮ್ಮಿಯಾದ್ರೆ ಹೊರಗಡೆ ಗಿರಣಿಗೆ ಕಳಿಸೋದಕ್ಕೇನು ಅವನಿಗೆ?"

ಅವರು ಬಾಯಿ ತೆರೆದು, ಕೆಳಗಿನ ಸಾಲಿನಲ್ಲಿ ಉಳಿದಿದ್ದ ನಾಲ್ಕು ಹಲ್ಲುಗಳನ್ನು ಬೆರಳಿನಿಂದ ತೋರಿಸಿದರು. "ಬೀಸೋರು ಇವರು ಕಣಯ್ಯಾ. ನಾಲ್ಕು ಜನ ಉಳಿದಿದಾರೆ. ಕಾಯೋರು ಈ ಕೈ. ಆಳುಗಳು ಕಾಲು. ಕಿಟಕಿ ಕಣ್ಣು, ಬಾಗಿಲು ಕಿವಿ. ಮನೆ ಅಂದ್ರೆ ನಾನು. ಮುದಿಯಾದ ಮೈ."

ನಾನು ಪುಸ್ತಕ ಮುಚ್ಚಿಬಿಟ್ಟೆ. ಸುಳ್ಳಿದೆ ಸಾರ್ ಎಂದ ಹುಡುಗ ಎದ್ದು ನಿಂತಿದ್ದ. "ಬೀಸೋರು ಅಂದ್ರೆ ಬೀಸೋರು ಟೀಚರ್. ಹಲ್ಲು ಬೇರೆ, ಗಿರಣಿ ಬೇರೆ. ಇದು ಕಲಬೆರಕೆ."

ಅವರು ವಾದ ಮಾಡಲಿಲ್ಲ. ಹಳೆಯ ಮೇಡಂ, ಕಾಯುವುದು ಗೊತ್ತಿತ್ತು. ಮುಂದಿನ ಸಲ ರಾಗಿ ತಂದಾಗ ನಾನೇ ಸಿಕ್ಕಿಬಿದ್ದೆ.

"ಇವತ್ತು ಬೇಡ ಟೀಚರ್. ಕಲ್ಲಿನ ಹಲ್ಲು ಸವೆದೋಗಿದೆ. ಹಲ್ಲು ಕೊರೆದು ನಾಳೆ ಬೀಸ್ಕೊಡ್ತೀನಿ."

"ಏನು ಸವೆದಿದೆ?"

"ಕಲ್ಲಿನ ಹಲ್ಲು."

"ಕಲ್ಲಿಗೆ ಹಲ್ಲಿದೆಯೇನಯ್ಯಾ?"

"ಇಲ್ದಿದ್ರೆ ಬೀಸೋದೆಂಗೆ?"

"ಓಹೋ. ನಾನು ನನ್ನ ಹಲ್ಲನ್ನ ಬೀಸೋರು ಅಂದ್ರೆ ಕಲಬೆರಕೆ, ನೀನು ಬೀಸೋ ಕಲ್ಲಿಗೆ ಹಲ್ಲು ಅಂದ್ರೆ ಶುದ್ಧವೋ?"

ನೀವೇ ಹೇಳಿ, ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಯಂತ್ರದ ಕಡೆ ತಿರುಗಿದೆ. ಕಾಳು ಸುರಿಯುವ ಕಡೆಗೆ ಬಾಯಿ ಎನ್ನುತ್ತೇವೆ. ಅದರ ಕೆಳಗಿನ ಕೊಳವೆ ಗಂಟಲು. ಮೋಟಾರು ಕಷ್ಟಪಟ್ಟರೆ ಕೆಮ್ಮುತ್ತಿದೆ ಎನ್ನುತ್ತೇನೆ. ಇಷ್ಟು ವರ್ಷ ಕಬ್ಬಿಣಕ್ಕೂ ಕಲ್ಲಿಗೂ ಮನುಷ್ಯರ ಮೈ ಬೆರೆಸಿ ಬೆರೆಸಿ ಮಾತಾಡಿದ್ದೇನೆ. ಆ ಜ್ಞಾನಿ ಮೈಯನ್ನು ಗಿರಣಿ ಮಾಡಿದ್ದ, ನಾನು ಗಿರಣಿಯನ್ನು ಮೈ ಮಾಡಿದ್ದೆ. ಇಬ್ಬರೂ ಒಂದೇ ಬೀದಿಯ ಎರಡು ತುದಿಯಿಂದ ನಡೆದು ಬಂದವರು.

ಸೋತೆ ಎಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. "ಆಯ್ತು ಟೀಚರ್, ಇರ್ಲಿ. ಆದ್ರೆ ನಿಮ್ಮ ಜ್ಞಾನಿಗೆ ಗಿರಣಿ ಕೆಲಸ ಅರ್ಧ ಗೊತ್ತು. ಕಲ್ಲು ವಯಸ್ಸಾಗಿ ಸವೆಯಲ್ಲ, ದುಡಿದು ಸವೆಯೋದು. ನುಣುಪಾದ ಕಲ್ಲು ಕಾಳನ್ನ ಒಡೆಯಲ್ಲ, ಬರೀ ಉಜ್ಜಿ ಬಿಸಿ ಮಾಡತ್ತೆ, ಹಿಟ್ಟು ಸೀದ ವಾಸನೆ ಬರತ್ತೆ. ಆಗ ಯಾರೂ ಕಲ್ಲನ್ನ ಬಿಸಾಕಲ್ಲ. ಇಳಿಸಿ, ಉಳಿ ತಗೊಂಡು, ನಡುವಿಂದ ಅಂಚಿನವರೆಗೂ ಸಾಲು ಸಾಲು ಗೀರು ಹೊಡೀತೀವಿ. ಮತ್ತೆ ಹೊಸಾ ಹಲ್ಲು. ಇದನ್ನ ಯಾಕೆ ಬರೀಲಿಲ್ಲ ಅವನು?"

ಟೀಚರ್ ಕೋಲಿನ ಹಿಡಿ ಸವರಿದರು. "ಅರ್ಧ ಮಾರ್ಕು" ಎಂದರು.

"ಬರೀ ಅರ್ಧವಾ?"

"ಪ್ರತಿ ಸಲ ಕೊರೆದಾಗಲೂ ಕಲ್ಲು ತೆಳುವಾಗತ್ತೋ ಇಲ್ವೋ?"

ಆಗುತ್ತದೆ. ಮುಚ್ಚಿಡುವಂತಿಲ್ಲ. ಕೊರೆದು ಕೊರೆದು ಒಂದು ದಿನ ಕಲ್ಲೇ ಮುಗಿಯುತ್ತದೆ. ಆದರೂ ಬೀಸುತ್ತಾ ಮುಗಿಯುತ್ತದೆ ಎಂದೆ. ಅವರು ಮಾರ್ಕು ಹೆಚ್ಚಿಸಲಿಲ್ಲ. ಏಳನೇ ಕ್ಲಾಸಿನ ಪರೀಕ್ಷೆಗೇ ಕೂರದವನಿಗೆ ಅರ್ಧ ಮಾರ್ಕೆಂದರೆ ಸಣ್ಣದೇನಲ್ಲ. ಮನೆಗೆ ಹೋಗಿ ಹೇಳಿಕೊಂಡೆ.

ಇನ್ನೊಂದು ಜಗಳ ಬಾದಾಮಿಯದು. ಅದೇ ಮುದಿ ಮನೆಯ ಪುಟದಲ್ಲಿ, ಬಾದಾಮಿ ಮರ ಹೂ ಬಿಡುತ್ತದೆ ಎಂದು ಬರುತ್ತದೆ. ತಲೆ ಬೆಳ್ಳಗಾಗುವುದಕ್ಕೆ ಹಾಗೆ ಹೇಳಿದ್ದಂತೆ. ನಾನು ಬಾಗಿಲಿನಿಂದ ಹೊರಗೆ ನೋಡಿದೆ. ನಮ್ಮ ಗಿರಣಿಯ ಮುಂದೆ ಇರುವುದೇ ಬಾದಾಮಿ ಮರ, ಕೊಡೆ ಬಿಚ್ಚಿದ ಹಾಗೆ ಮೂರು ಅಂತಸ್ತು. ನಾನೇ ನೆಟ್ಟದ್ದು.

"ತಪ್ಪು ಟೀಚರ್. ಇದು ಬೆಳ್ಳಗಾಗೋ ಮರ ಅಲ್ಲ. ಇದರ ಹೂವು ಯಾರ ಕಣ್ಣಿಗೂ ಬೀಳಲ್ಲ. ವಯಸ್ಸಾದ್ರೆ ಎಲೆ ಕೆಂಪಗಾಗತ್ತೆ."

"ಅಯ್ಯೋ, ಇದು ಆ ಬಾದಾಮಿ ಅಲ್ಲ ಕಣಯ್ಯಾ. ಅವರ ದೇಶದ್ದು ಬೇರೆ. ಚಳೀಲಿ ಎಲ್ಲಾ ಮರ ಮಲಗಿರುವಾಗ, ಎಲೆಗಿಂತ ಮೊದಲು, ಬೋಳು ಕೊಂಬೆ ತುಂಬ ಬೆಳ್ಳಗೆ ಹೂ ಬಿಡತ್ತೆ."

"ಎಲ್ಲಾ ಮಲಗಿರುವಾಗ?"

"ಹೂಂ. ಎಲ್ಲಕ್ಕಿಂತ ಮೊದಲು ಅದು."

"ಅಂದ್ರೆ ಅದು ಎಲ್ಲರಿಗಿಂತ ಮೊದಲು ಎದ್ದೋನ ಮರ. ಅದನ್ನ ತಗೊಂಡು ಮುದುಕರ ತಲೆಗೆ ಯಾಕೆ ಕಟ್ಟಿದ್ರು?"

ಹಿಟ್ಟು ಆರಿ ಎಷ್ಟೋ ಹೊತ್ತಾಗಿತ್ತು. "ಚೀಲ ಕಟ್ಟು" ಎಂದರು. ಮೆಟ್ಟಿಲಿಳಿದ ಮೇಲೆ ತಿರುಗಿ, "ಇನ್ನರ್ಧ" ಎಂದರು. ಇಷ್ಟು ದೊಡ್ಡ ಸನ್ಮಾನ ನನಗೆ ಯಾವ ವೇದಿಕೆಯ ಮೇಲೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ.

ಅವರು ಮೆತ್ತನೆಯ ಭಕ್ತೆ ಎಂದುಕೊಳ್ಳಬೇಡಿ. ಅವರಿಗೆ ಅತಿ ಪ್ರೀತಿಯಿದ್ದದ್ದು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತು ದೇವರ ಜೊತೆಗೇ ಜಗಳಕ್ಕೆ ನಿಂತ ಒಬ್ಬನ ಭಾಗ. ಹಾಲಿನ ಹಾಗೆ ಸುರಿದು, ಮೊಸರಿನ ಹಾಗೆ ಹೆಪ್ಪು ಹಾಕಿ ನನ್ನ ಮೈ ಮಾಡಿದೆಯಲ್ಲಾ, ಈಗ ಹಾಳುಮಾಡುವುದಕ್ಕಾ ಎಂದು ಅವನು ಕೇಳುತ್ತಾನೆ. ಕಡಿದ ಮರಕ್ಕಾದರೂ ನೀರಿನ ವಾಸನೆ ತಾಗಿದರೆ ಚಿಗುರುವ ಆಸೆ ಇದೆ, ಮನುಷ್ಯನಿಗೆ ಅದೂ ಇಲ್ಲವಲ್ಲ ಎಂದು ಬೈಯುತ್ತಾನೆ. ಆ ಭಾಗ ಓದುವಾಗ ನನಗೆ ಎಲ್ಲಾ ಸ್ಟಾಪಿನಲ್ಲೂ ನಿಲ್ಲಲು ಆಗುತ್ತಿರಲಿಲ್ಲ, ಧ್ವನಿ ತಾನೇ ಏರುತ್ತಿತ್ತು. ಗೋಧಿ ತಂದವರು ಯಾರಿಗೆ ಬೈಯುತ್ತಿದ್ದಾನೆ ಎಂದು ಇಣುಕುತ್ತಿದ್ದರು. ಟೀಚರ್ ಮಾತ್ರ, "ಜೋರಾಗಿ, ಜೋರಾಗಿ. ಅವರಿಗೂ ಕಿವಿ ಮಂದ ಇರಬೋದು" ಎಂದು ಮೇಲೆ ಕೈ ತೋರಿಸುತ್ತಿದ್ದರು.

ಆರು ವರ್ಷದ ಹಿಂದೆ, ಇದೇ ಎಲೆ ಉದುರುವ ಕಾಲದಲ್ಲಿ, ಅವರು ಬರುವುದು ನಿಂತಿತು. ರಾಗಿಯನ್ನು ನಾನೇ ಬೀಸಿ, ಆರಿಸಿ, ಮನೆಗೆ ಹೊತ್ತುಕೊಂಡು ಹೋದೆ. ಮಂಚದ ಮೇಲೆ ಒಂದು ಹಿಡಿಯಷ್ಟಾಗಿದ್ದರು. ದಾರಿಯಲ್ಲಿ ಎತ್ತಿಕೊಂಡಿದ್ದ ಕೆಂಪು ಎಲೆಯನ್ನು ಅವರ ಕೈಗಿಟ್ಟೆ. ಬೆರಳಿನಿಂದ ನರ ನರ ಸವರಿದರು.

"ಚರ್ಮ ಇದ್ದಂಗಿದೆ. ಎಷ್ಟು ಕೆಂಪು?"

"ಮದುವೆ ಸೀರೆ ಕೆಂಪು ಟೀಚರ್."

"ನೋಡಿದ್ಯಾ, ನೀನೂ ಶುರು ಮಾಡ್ಬುಟ್ಟೆ." ಆ ಸ್ಥಿತಿಯಲ್ಲೂ ತಪ್ಪು ಹಿಡಿದರು. ಆಮೇಲೆ ಎಲೆಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದರು: "ಬಿಳೀ ಹೂವು ಬೇಡ ನಂಗೆ. ಉದುರೋದೇ ಆದ್ರೆ ನಿಮ್ಮ ಗಿರಣಿ ಮುಂದಿನ ಬಾದಾಮಿ ಥರ ಉದುರ್ತೀನಿ. ಕೆಂಪಗೆ. ಮುಲಾಜಿಲ್ದೆ."

ಹಾಗೇ ಹೋದರು. ಅದರ ಹಿಂದಿನ ದಿನ ಕೂಡ ತಮ್ಮನ ಮಗನಿಗೆ, ಗಂಜಿ ತೆಳುವಾಯಿತೆಂದು ಬೈದಿದ್ದರಂತೆ.

ಎಲೆ ಹಿಡಿದು ಇಷ್ಟೆಲ್ಲಾ ನೆನೆಯುವ ಹೊತ್ತಿಗೆ ಗೋಧಿಯ ಗಿರಾಕಿಗಳು ಬಂದರು. ಮೊದಲ ಚೀಲ ಬೀಸುವಾಗಲೇ ಮೂಗಿಗೆ ಬಡಿಯಿತು: ಹಿಟ್ಟು ಸೀದ ವಾಸನೆ. ಕೈ ನಡುಗುವುದನ್ನೇ ನೋಡುತ್ತಾ ಕೂತವನು ಕಲ್ಲನ್ನು ನೋಡುವುದನ್ನೇ ಮರೆತಿದ್ದೆ. ಸ್ವಿಚ್ ಆರಿಸಿ, ಮಿಕ್ಕವರನ್ನು ನಾಳೆ ಬನ್ನಿ ಎಂದು ಕಳಿಸಿ, ಬೆಲ್ಟ್ ಬಿಚ್ಚಿ, ಕಲ್ಲನ್ನು ಇಳಿಸುತ್ತಿದ್ದೆ. ಅಷ್ಟರಲ್ಲಿ ಪವಿತ್ರ ಬಂದಳು. ಮಧ್ಯಾಹ್ನದ ಪಾಳಿ, ಬಸ್ಸಿಗೆ ಇನ್ನೂ ಸಮಯವಿತ್ತು. ನಿಂತ ಯಂತ್ರ ನೋಡಿ ಅವಳ ಮುಖ ಅರಳಿತು.

"ನಿಲ್ಲಿಸಿಬುಟ್ಯಾ ಅಪ್ಪಾ?"

"ಹಲ್ಲು ಕೊರೀತಿದೀನಿ."

ಅವಳ ಮುಖ ಮುದುಡಿತು. ನಾನು ಉಳಿ ಎತ್ತಿಕೊಂಡೆ. ಎತ್ತುವ ತನಕ ಕೈ ನಡುಗುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಉಳಿಯ ಮೂತಿ ಕಲ್ಲಿಗೆ ತಾಗಿತು. ಸುತ್ತಿಗೆ ಬಿತ್ತು. ನಡುಕ ನಿಂತಿತು. ಒಂದು ಗೀರು, ಎರಡು, ಹತ್ತು. ದಾರ ಹಿಡಿದ ಹಾಗೆ ನೆಟ್ಟಗೆ. ಮಾಲಿನಲ್ಲಿ ತಪ್ಪು ಹುಡುಕುವ ಮಗಳು ಬಗ್ಗಿ ಬಗ್ಗಿ ನೋಡಿದಳು, ಬೆರಳು ಇಟ್ಟು ಸವರಿದಳು. ಪಕ್ಕಕ್ಕೆ ಇಡುವಂಥದ್ದು ಒಂದೂ ಸಿಗಲಿಲ್ಲ.

"ಸುಮ್ನಿದ್ರೆ ನಡುಗತ್ತೆ ಕಣಮ್ಮಾ. ಯುಗಾದಿಗೆ ಬಾಗಿಲು ಹಾಕಿ ನನ್ನ ಸುಮ್ನೆ ಕೂರಿಸಿದ್ರೆ ದಿನವೆಲ್ಲಾ ನಡುಗ್ತಾ ಇರ್ತೀನಿ. ಅದು ಬೇಕಾ ನಿಂಗೆ?"

"ಬೆಲ್ಟು?" ಎಂದಳು. ಧ್ವನಿ ಸಣ್ಣಗಿತ್ತು. ಅವಳಿಗೆ ಗಿರಣಿಯ ಮೇಲೆ ಸಿಟ್ಟಿಲ್ಲ, ನನ್ನ ಕೈ ಹೋದೀತೆಂಬ ಹೆದರಿಕೆ ಎನ್ನುವುದು ನನಗೆ ಆಗ ಹೊಳೆಯಿತು. ಜಂಬದವನಿಗೆ ಇಂಥವು ತಡವಾಗಿಯೇ ಹೊಳೆಯುವುದು.

"ಕಬ್ಬಿಣದ ಜಾಲರಿ ಹಾಕಿಸ್ತೀನಿ. ಕಾಯೋರಿಗೆ ನಡುಕ ಬಂದ್ರೆ ಬೇಲಿ ಹಾಕ್ಬೇಕು, ಮನೆ ಬಿಡ್ಬಾರ್ದು. ಕಲ್ಲು ತೆಳುವಾದ ದಿನ ನಾನೇ ಹೇಳ್ತೀನಿ ನಿಂಗೆ. ಇವತ್ತು ಆ ದಿನ ಅಲ್ಲ."

"ಯಾವ ಕಲ್ಲು ಅಪ್ಪಾ?"

"ಎರಡೂ" ಎಂದೆ.

ಅವಳು "ಜಾಲರಿ ಹಾಕೋ ತನಕ ಬೆಲ್ಟ್ ಕಟ್ಟಂಗಿಲ್ಲ" ಎಂದಳು. ನಾಳೆ ಬೆಳಿಗ್ಗೆಗೇ ವೆಲ್ಡಿಂಗಿನವರನ್ನು ಕರೆಸುತ್ತೇನೆ, ಮಧ್ಯಾಹ್ನಕ್ಕೆ ಬೀಸುತ್ತೇನೆ ಎಂದೆ. ಆಮೇಲೆ ಗೋಡೆಯ ಮೇಲಿದ್ದ ಸ್ಲೇಟು ತೆಗೆದಳು. ಯಂತ್ರ ನಿಂತ ದಿನ ಬಾಗಿಲಿಗೆ ನೇತುಹಾಕುವ ಸ್ಲೇಟು. ಯಾವಾಗಲೂ ಅವಳೇ ಬರೆಯುತ್ತಾಳೆ, ನನ್ನ ಅಕ್ಷರ ಕಾಗೆ ಕಾಲು. "ಗಿರಣಿ ರಜಾ ಅಂತ ಬರೀಲಾ?"

"ಕೊಡಿಲ್ಲಿ" ಎಂದೆ.

ಬಳಪ ಹಿಡಿದ ಕೈ ಗಾಳಿಯಲ್ಲಿ ನಡುಗಿತು. ಸ್ಲೇಟಿಗೆ ತಾಗಿದ ಮೇಲೆ ನಡುಗಲಿಲ್ಲ. ಎಲ್ಲಾ ಸ್ಟಾಪಿನಲ್ಲೂ ನಿಂತು, ನಿಧಾನವಾಗಿ ಬರೆದೆ. ಕೆಂಪು ಎಲೆಯನ್ನು ಸ್ಲೇಟಿನ ಮೂಲೆಗೆ ಸಿಕ್ಕಿಸಿ ಬಾಗಿಲಿಗೆ ನೇತುಹಾಕಿದೆ. ಬಸ್ಸಿಗೆ ಓಡುತ್ತಿದ್ದ ಪವಿತ್ರ ನಿಂತು ಓದಿ, ಬೀದಿಯಲ್ಲೇ ಜೋರಾಗಿ ನಕ್ಕಳು:

"ಬೀಸುವವರು ಕೈ ಬಿಟ್ಟಿಲ್ಲ. ಹಲ್ಲು ಕಟ್ಟಿಸುತ್ತಿದ್ದಾರೆ. ನಾಳೆ ಮಧ್ಯಾಹ್ನ ಬನ್ನಿ."